ಮೀನು ತಿನ್ನದ ಮೀನಿನ ಮೇಡಂ

ಮೀನು ತಿನ್ನದ ಮನೆಯಲ್ಲಿ ಹುಟ್ಟಿ, ಮೀನುಗಾರಿಕೆ ಇಲಾಖೆಯ ನೌಕರಿಗೆ ಸೇರಿ, ಚಿಂಚೋಳಿ ಹತ್ತಿರದ ಡ್ಯಾಮಿನ ದಂಡೆಯ ಮೇಲೆ ಕೆಲಸ ಮಾಡುವ ಹೆಂಗಸಿಗೆ ಬೇರೆ ಮನರಂಜನೆ ಬೇಕಾಗುವುದಿಲ್ಲ. ವಾರಕ್ಕೆ ಒಂದಾದರೂ ನಗುವಂಥ ಪ್ರಸಂಗ ನಡೆದೇ ತೀರುತ್ತದೆ. "ಈ ಕೆಲಸ ನಿನಗ್ಯಾಕವ್ವ?" ಎಂದು ಕೇಳದವರು ಸೇಡಂನ ನನ್ನ ತವರಿನಲ್ಲೂ ಇಲ್ಲ, ಚಿಂಚೋಳಿಯ ಗಂಡನ ಮನೆಯಲ್ಲೂ ಇಲ್ಲ. ಕೇಳುವವರು ಕೇಳುತ್ತಲೇ ಇದ್ದಾರೆ. ನಾನೂ ಬಿಟ್ಟಿಲ್ಲ.

ರುಚಿಯ ಪರೀಕ್ಷೆ

ಮೊದಲ ದಿನವೇ ಡ್ಯಾಮಿನ ಹಿರಿಯ ಮೀನುಗಾರರೊಬ್ಬರು ನನ್ನನ್ನು ಪರೀಕ್ಷೆಗೆ ಹಚ್ಚಿದರು. ಬಲೆಯಿಂದ ಒಂದೊಂದೇ ಮೀನು ತೆಗೆದು ಕಲ್ಲಿನ ಮೇಲೆ ಇಟ್ಟರು. ದಂಡೆಯ ಜನವೆಲ್ಲ ಸುತ್ತ ನಿಂತರು. ನಾನು ಹೇಳುತ್ತಾ ಹೋದೆ. ತಲೆ ದೊಡ್ಡದು, ಬಾಯಿ ಮೇಲಕ್ಕೆ, ಇದು ಕಟ್ಲಾ, ಮೇಲಿನ ನೀರಿನಲ್ಲಿ ಮೇಯುತ್ತದೆ. ಇದು ರೋಹು, ನಡುನೀರಿನದು. ಇದು ಮೃಗಾಲ, ತಳದ ಕೆಸರಿನದು, ಇದಕ್ಕೆ ಗಾಳ ಆಳಕ್ಕೆ ಬಿಡಬೇಕು.

ಹಿರಿಯರು ಒಪ್ಪಲಿಲ್ಲ. "ಎಲ್ಲಾ ಬುಕ್ಕಿನಾಗಿಂದು ಹೇಳ್ಲಿಕತ್ತೀರಿ ಮೇಡಂ. ಇವುಗಳ ರುಚಿ ಗೊತ್ತದ ಏನ್ರಿ?"

"ಇಲ್ರಿ ಕಾಕಾ, ನಾ ತಿನ್ನಂಗಿಲ್ಲ."

"ತಿನ್ನಲಾರದೆ ಮೀನಿಂದು ಏನ್ ತಿಳೀತದ?"

"ಜ್ವರದ ಡಾಕ್ಟರು ಪೇಷಂಟ್‌ಗೆ ನೆಕ್ಕಿ ನೋಡ್ತಾರೇನ್ರಿ ಕಾಕಾ?"

ಉಂಡಿ

ಗಾಳಕ್ಕೆ ಹಚ್ಚುವ ಉಂಡಿಯನ್ನು ನಾನೇ ಮನೆಯಲ್ಲಿ ಕಲಸುತ್ತೇನೆ. ಶೇಂಗಾ ಹಿಂಡಿ, ಅಕ್ಕಿ ತೌಡು, ಬೆಲ್ಲ, ವಾಸನೆಗೆ ಜರಾ ಬಡೇಸೋಪಿನ, ಅಂದರೆ ಸೋಂಪಿನ, ಪುಡಿ. ಅತ್ತೆಗೆ ಇದು ಸೇರುತ್ತಿರಲಿಲ್ಲ.

"ಪೂಜಿ ಆಗೋ ಮನಿ ಇದು. ಮೀನಿಂದು ಏನೂ ಒಳಗ ತರಬ್ಯಾಡ."

"ಇದರಾಗ ಮೀನಿಲ್ರಿ ಅತ್ತಿ. ಇದು ಮೀನಿನ ಊಟ. ಪೂರಾ ಸಸ್ಯಾಹಾರ."

ಡಬ್ಬಿಯನ್ನು ಅಡುಗೆಮನೆಯಲ್ಲೇ ಇಟ್ಟು ಕೆಲಸಕ್ಕೆ ಹೋದೆ. ಅವತ್ತೇ ಐನಾಪುರದಿಂದ ಅತ್ತೆಯ ಅಣ್ಣ ಬಂದರು. ಅತ್ತೆ ಹಿತ್ತಲಿನಿಂದ ನೀರು ತರುವಷ್ಟರಲ್ಲಿ ಡಬ್ಬಿ ತೆರೆದು ಎರಡು ಉಂಡಿ ತಿಂದಿದ್ದರು. ಅದು ಮೀನಿನ ಊಟ ಎಂದು ಹೇಳಲು ಅತ್ತೆಗೆ ಧೈರ್ಯವಾಗಲಿಲ್ಲ. ಸಂಜೆ ನಾನು ಬಂದಾಗ ಅವರಣ್ಣ ಹೊರಟು ನಿಂತಿದ್ದರು. "ನಿನ್ನ ಸೊಸಿ ಉಂಡಿ ಭಾಳ ಚೊಲೋ ಮಾಡ್ಯಾಳ" ಎಂದು ಇನ್ನೂ ನಾಲ್ಕು ಕಟ್ಟಿಸಿಕೊಂಡು ಹೋದರು.

ಈಗ ಅತ್ತೆಯೇ ತೌಡು ಸಾಣಿಸಿ ಕೊಡುತ್ತಾರೆ. "ಯಾರ್ ತಿಂತಾರೋ ಏನೋ, ಹರಳು ಇರಬಾರ್ದು."

ಬರುವ ಹೊತ್ತು

ವಾಡಿಯ ರೈಲ್ವೆ ನೌಕರರೊಬ್ಬರಿಗೆ ಗಾಳದ ಹುಚ್ಚು. ಪ್ರತಿ ಶನಿವಾರ ಫೋನ್ ಮಾಡಿ, "ಮೇಡಂ, ನಾಳಿ ಮೀನು ಎಷ್ಟಕ್ಕ ಬರ್ತಾವ?" ಎನ್ನುತ್ತಿದ್ದರು. ಗೊತ್ತಿದ್ದಷ್ಟು ಹೇಳುತ್ತಿದ್ದೆ. ಹಳ್ಳ ಬಂದು ಕೂಡುವ ಮೂಲೆಯಲ್ಲಿ ಕೂಡ್ರಬೇಕು, ಗಾಳಿ ಮುಖಕ್ಕೆ ಬಡಿಯುವ ದಂಡೆ ಹಿಡಿಯಬೇಕು, ಬಿಸಿಲು ಏರುವ ಮುಂಚೆ. ಒಂದು ಭಾನುವಾರ ಬಂದು ಹತ್ತು ಗಂಟೆಯ ತನಕ ಕೂತರು. ಗಾಳ ಅಲುಗಲಿಲ್ಲ.

"ಹೆಣ್ಣುಮಕ್ಕಳ ಮಾತು ಕೇಳಿ ಕೆಟ್ಟೆ. ಬಿಸಲು ಏರ್ತು, ಒಂದೂ ಬರಲಿಲ್ಲ" ಎಂದು ಎಲ್ಲರೆದುರು ರೇಗಿದರು.

"ಲೇಟ್ ಅದಾವ್ರಿ" ಅಂದೆ. "ಪ್ಲಾಟ್‌ಫಾರ್ಮ್ ಬಿಟ್ಟು ಹೋಗಬ್ಯಾಡ್ರಿ."

ಇತರೆ

ಹೋದ ವರ್ಷ ಹೊಸದಾಗಿ ಬಂದ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಜೀಪಿಳಿಯುತ್ತಲೇ, "ದಂಡೆ ಕೆಲಸ ಹೆಣ್ಣುಮಕ್ಕಳಿಗಲ್ಲಮ್ಮ. ಬಲೆ ಬೀಸೋಕೆ ತೋಳಲ್ಲಿ ಬಲ ಬೇಕು. ನಿಮ್ಮನ್ನು ಆಫೀಸಿಗೆ ಹಾಕೋಕೆ ಬರೀತೀನಿ" ಅಂದರು.

ಫೈಲುಗಳ ನಡುವೆ ಕೂಡಲಿಕ್ಕೆ ನಾನು ಇಷ್ಟು ದಿನ ಊರಿನ ಮಾತು ಕೇಳಿಸಿಕೊಂಡಿರಲಿಲ್ಲ.

"ಬರೀರಿ ಸರ್. ಅದಕ್ಕ ಮೊದಲ ಒಂದ್ ಸಲ ನೀವೇ ಬೀಸಿ ತೋರಿಸ್ರಿ. ನಾ ಕಲೀತೀನಿ."

ಹಿರಿಯ ಮೀನುಗಾರರು ತಮ್ಮ ಬೀಸುಬಲೆ ಕೊಟ್ಟರು. "ಸಾಹೇಬ್ರ, ಅಂಗಿ ಗುಂಡಿ ನೋಡ್ಕೋರಿ. ಬಲಿ ಸಿಕ್ಕೊಂಡ್ರ ಎಳದ ಒಯ್ತದ."

"ಗೊತ್ತು" ಎಂದು ಸಾಹೇಬರು ಜೋರಾಗಿ ಬೀಸಿದರು. ಬಲೆ ಗುಂಡಿಗೆ ಸಿಕ್ಕಿತು. ಬಲೆಯ ಹಿಂದೆಯೇ ಸಾಹೇಬರೂ ಹೋದರು. ನೀರು ಸೊಂಟಮಟ್ಟ, ಕೆಳಗೆ ಕೆಸರು. ಬಿಡಿಸಿಕೊಳ್ಳಲು ಹೋದಷ್ಟೂ ಬಲೆ ಮೈಗೆ ಸುತ್ತಿಕೊಂಡಿತು. ನಾನು ಸೆರಗು ಬಿಗಿದು ನೀರಿಗಿಳಿದೆ, ಬಲೆಯ ಅಂಚು ಹಿಡಿದು ಒಬ್ಬಳೇ ದಂಡೆಗೆ ಎಳೆದು ತಂದೆ. ಬಲೆಯಲ್ಲಿ ಮೂರು ಮೀನೂ ಇದ್ದವು.

ದಿನಕ್ಕೆ ಏನೇನು ಸಿಕ್ಕಿತು ಎಂದು ಬರೆಯುವ ರಿಜಿಸ್ಟರು ನಮ್ಮಲ್ಲಿದೆ. ತಪಾಸಣೆಗೆ ಬಂದವರು ಅದಕ್ಕೆ ಸಹಿ ಹಾಕಲೇಬೇಕು. ನಾನು ಅಲ್ಲೇ ಕುಳಿತು ತುಂಬಿದೆ: ಕಟ್ಲಾ ಎರಡು, ರೋಹು ಒಂದು, ಇತರೆ ಒಂದು.

ಸಾಹೇಬರು ಮೈಯಿಂದ ನೀರು ಸುರಿಸುತ್ತಾ ಓದಿದರು. "ಮೀನು ಮೂರೇ ಇತ್ತಲ್ಲಮ್ಮ. ಈ ಇತರೆ ಯಾವುದು?"

"ಹೆಸರು, ಹುದ್ದೆ ಸಹಿತ ಬರೀಲೇನ್ರಿ ಸರ್?"

ಸಹಿ ಹಾಕಿ ಜೀಪು ಹತ್ತಿದರು. ನನ್ನನ್ನು ಆಫೀಸಿಗೆ ಕರೆಯುವ ಕಾಗದ ಇವತ್ತಿಗೂ ಬಂದಿಲ್ಲ. ಅಂಗಿ ಗುಂಡಿಯೊಂದು ಮಾತ್ರ ಬಲೆಯಲ್ಲೇ ಉಳಿದಿತ್ತು, ಅದನ್ನು ಟಪಾಲಿನಲ್ಲಿ ಕಳಿಸಿಕೊಟ್ಟೆ.