ಕೇಸಿಲ್ಲದ ಅಭ್ಯರ್ಥಿ

ಪ್ರಭುಸ್ವಾಮಿಯ ಮೇಲೆ ಒಂದೇ ಒಂದು ಕೇಸೂ ಇರಲಿಲ್ಲ. ಕಷ್ಟ ಶುರುವಾದದ್ದೇ ಅಲ್ಲಿಂದ.

ರಾವಂದೂರಿನ ಆಚೆಗಿನ ಅವನ ಹಳ್ಳಿಯಲ್ಲಿ ಪಂಚಾಯ್ತಿ ಚುನಾವಣೆಗೆ ಸಿದ್ದರಾಜು ನಿಂತಿದ್ದ. ಹೊಡೆದಾಟ, ಮರಳು ಸಾಗಣೆ ಎಂದು ಅವನ ಮೇಲೆ ಹಲವು ಕೇಸು. "ಇಂಥೋರು ನಮ್ಮನ್ನ ಆಳಬೇಕಾ?" ಎಂದು ಹಿಟ್ಟಿನ ಮಿಲ್ಲಿನ ಪ್ರಭುಸ್ವಾಮಿ ರಾಗಿ ಬೀಸುತ್ತ ಅಂದದ್ದನ್ನು ಪಕ್ಕದ ಮನೆಯ ಚಿಕ್ಕಬೀರಯ್ಯ ಹಿಡಿದುಕೊಂಡ.

"ಆಡೋದಲ್ಲ ಸ್ವಾಮಣ್ಣ, ನಿಂತ್ಕಂಡು ತೋರಿಸ್ರಿ."

ನಿಂತದ್ದೂ ಆಯಿತು. ಪ್ರಚಾರದ ಕಾವು ಏರಿದ್ದ ಒಂದು ಬೆಳಗ್ಗೆ ಚಿಕ್ಕಬೀರಯ್ಯ ಗೂಡ್ಸ್ ಆಟೋಗೆ ಮೈಕು ಕಟ್ಟಿಸಿಕೊಂಡು ಬಂದ.

"ಪರ್ಮಿಶನ್ನು?"

"ಒಳ್ಳೇವ್ರಿಗ್ಯಾಕೆ ಪರ್ಮಿಶನ್ನು? ಆಟೋ ಅತ್ತಿ ಸುಮ್ನೆ."

ಸಿದ್ದರಾಜುವಿನ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಬಂದಾಗ ಚಿಕ್ಕಬೀರಯ್ಯನಿಗೆ ಹುಮ್ಮಸ್ಸು ಉಕ್ಕಿತು. "ಮರಳು ತಿಂದೋನ್ಗೆ ಮಣ್ಣು ಮುಕ್ಕಿಸಿ!" ಎಂದು ಮೈಕಿನಲ್ಲಿ ಕೂಗಿದ. ಬ್ಯಾರನ್‌ಗೆ ಸೌದೆ ಒಟ್ಟುತ್ತಿದ್ದ ಆಳುಗಳು ಕೈಯಲ್ಲಿದ್ದ ಸೌದೆಯ ಸಮೇತ ಎದ್ದು ನಿಂತರು. ಡ್ರೈವರ್ ಹಿಂದುಮುಂದು ನೋಡದೆ, ಹಿಂದಕ್ಕಂತೂ ಖಂಡಿತ ನೋಡದೆ, ಆಟೋವನ್ನು ರಿವರ್ಸ್ ಬಿಟ್ಟ. ಗದ್ದಲ ಕೇಳಿ ಆಗಷ್ಟೇ ಬಂದು ನಿಂತಿದ್ದ ಪೊಲೀಸ್ ಜೀಪಿನ ಒಂದು ದೀಪ ಪುಡಿಯಾಯಿತು.

ಚಿಕ್ಕಬೀರಯ್ಯ ಹೊಗೆಸೊಪ್ಪಿನ ಹೊಲದೊಳಗೆ ಮೊಲದ ಹಾಗೆ ಮಾಯವಾದ. ಡ್ರೈವರ್ "ಕ್ಯಾಂಡಿಡೇಟು ಇವ್ರೇ ಸಾರ್" ಎಂದು ಬೆರಳು ತೋರಿಸಿದ.

ಠಾಣೆಯ ಬೆಂಚಿನ ಮೇಲೆ ಪ್ರಭುಸ್ವಾಮಿ ತಲೆ ತಗ್ಗಿಸಿ ಕುಳಿತ. ಅವನಪ್ಪ ಬದುಕಿದ್ದಷ್ಟು ಕಾಲ ಠಾಣೆಯ ಮುಂದಿನ ರಸ್ತೆ ತುಳಿದವರಲ್ಲ. ಸಂತೆಗೆ ಹೋಗುವಾಗಲೂ ಸುತ್ತು ಬಳಸುತ್ತಿದ್ದರು. ಜಾಮೀನಿಗೆ ಬನ್ನಿ ಎಂದು ಊರಿನ ಮರ್ಯಾದಸ್ಥರಿಗೆಲ್ಲ ಫೋನ್ ಮಾಡಿದ. ಒಬ್ಬರಿಗೆ ಹೊಟ್ಟೆನೋವು, ಒಬ್ಬರು ಹುಣಸೂರಿನಲ್ಲಿ. "ಸ್ಟೇಶನ್ ಮೆಟ್ಲು ಅಂದ್ರೆ ನಂಗೆ ನಡುಕ ಕಣ್ರೀ" ಎಂದರು ಇನ್ನೊಬ್ಬರು. ಎಲ್ಲರೂ ಅವನಂತೆಯೇ ಕೇಸಿಲ್ಲದವರು.

ಸಂಜೆಗೆ ಬಂದವನು ಸಿದ್ದರಾಜು. ಮಾವನ ಮನೆಗೆ ಬಂದ ಅಳಿಯನ ಹಾಗೆ ಒಳಗೆ ನಡೆದ. ಪೇದೆಯ ಮಗಳ ಪರೀಕ್ಷೆ ಹೇಗಾಯಿತೆಂದು ವಿಚಾರಿಸಿದ. ಯಾರೂ ತೋರಿಸುವ ಮೊದಲೇ ಸರಿಯಾದ ಜಾಗದಲ್ಲಿ ಸಹಿ ಹಾಕಿದ.

"ನಿನ್ನೇ ಬಯ್ಯಕ್ಕೆ ಬಂದಿದ್ನಲ್ಲೋ..." ಪ್ರಭುಸ್ವಾಮಿ ಬೆಂಚಿನಿಂದ ಎದ್ದ.

"ಬುಡಿ ಸ್ವಾಮಣ್ಣ. ಮೊದಲ್ನೇ ಕೇಸು ಒಸಿ ನೋಯ್ತದೆ. ನಂಗೂ ಅಂಗೇ ಆಗಿತ್ತು."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಚುಚ್ಚಿದ್ದೇ ಅದು.

ಸಿದ್ದರಾಜುವಿನದೇ ಬೈಕಿನ ಹಿಂದೆ ಕೂತು ಬರುವಾಗ ಪ್ರಭುಸ್ವಾಮಿ ಮನಸ್ಸು ಗಟ್ಟಿ ಮಾಡಿಕೊಂಡ. ಉಪಕಾರ ಬೇರೆ, ಊರಾಳುವುದು ಬೇರೆ. ಯಾರು ಯಾರಿಗೆ ಹಾಕಿದರೂ ತನ್ನ ಓಟು ಮಾತ್ರ ತನಗೇ.

ಹೆಂಡತಿ ಶಿವರುದ್ರಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.

"ಅವನನ್ನ ಯಾರೇ ಕಳಿಸಿದ್ದು?"

"ನಾನೇ ಓಗಿ ಕೈಮುಗ್ದೆ. ಬ್ಯಾರೆ ಯಾವ ಗಂಡ್ಸು ಬಂದ? ನಮ್ಮನೆ ಓಟೆಲ್ಲ ನಿಂಗೇ ಕಣಪ್ಪ ಅಂತ ಮಾತ್ ಕೊಟ್ಟೆ."

"ನಿಂದು ಕೊಡು. ನಂದ್ಯಾಕೆ ಕೊಟ್ಟೆ?"

"ನಂಬ್ನಿಲ್ಲ ಅವ್ನು. ಅದ್ಕೇ ನಿಮ್ ತಲೆ ಮೇಲೆ ಆಣೆ ಇಟ್ಟಿವ್ನಿ. ಇನ್ನು ನೀವುಂಟು, ನಿಮ್ ಓಟುಂಟು."

ಪ್ರಭುಸ್ವಾಮಿ ಮೆಲ್ಲಗೆ ತಲೆ ಮುಟ್ಟಿ ನೋಡಿಕೊಂಡ. ಸದ್ಯಕ್ಕೆ ಅಲ್ಲೇ ಇತ್ತು.