ಐವತ್ತು ಸಾವಿರದ ಪವರ್ ಬ್ಯಾಂಕು, ಏಳು ತಲೆಮಾರಿನ ವಂಶಾವಳಿ

“ಇನ್ನು ಮೇಲೆ ನಾನು ಕಾಗದ ಮುಟ್ಟಿದರೆ ಕೇಳು!” ಎಂದು ಸೆರುಂಕೂಮ ಕಂಪಾಲಾ ನಗರದ ತನ್ನ ಮನೆಯ ಅಡುಗೆಕೋಣೆಯಲ್ಲಿ ನಿಂತು ಘೋಷಿಸಿದ.

ಇದು ಸಾಮಾನ್ಯನ ಘೋಷಣೆಯಲ್ಲ. ಗಂಡಿನ ಕಡೆಯವರು ದಿಬ್ಬಣ ಕಟ್ಟಿಕೊಂಡು ಹೆಣ್ಣಿನ ಮನೆಗೆ ಹೋಗುವ ದಿನ ಗಂಡು ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಅವನ ಪರವಾಗಿ ಮಾತಾಡಲು ಒಬ್ಬ ಮಾತುಗಾರ ಬೇಕು. ಹದಿನಾಲ್ಕು ವರ್ಷಗಳಿಂದ ಆ ಮಾತುಗಾರ ಎಂದರೆ ಸೆರುಂಕೂಮ! ಅವನು ಬಾಯಿ ತೆರೆದರೆ ಎಂಥ ಮಾವನೂ ಕರಗಿ ನೀರಾಗುತ್ತಾನೆಂದು ಪ್ರತೀತಿಯಿತ್ತು. ಪ್ರತೀತಿ ಹಬ್ಬಿಸಿದವನೂ ಅವನೇ.

ಈ ಶನಿವಾರ ಮಿಡತೆ ಕುಲದ ಕಲುಂಗಿಯ ಸರದಿ. ಹುಡುಗನ ಏಳು ತಲೆಮಾರನ್ನು ಹೆಣ್ಣಿನವರ ಮುಂದೆ ಎಡವದೆ ಹೇಳಬೇಕು. ಒಂದು ಹೆಸರು ತಪ್ಪಿದರೂ “ಹಿಂದುಮುಂದಿಲ್ಲದವನಿಗೆ ಹೆಣ್ಣು ಕೊಡೋದು ಹೇಗೆ?” ಎಂದು ಬಂದ ದಾರಿ ತೋರಿಸಬಹುದು. ಏಳೂ ತಲೆಮಾರನ್ನು ಸೆರುಂಕೂಮ ಫೋನಿಗೆ ತುಂಬಿಸಿಟ್ಟಿದ್ದ. ಹದಿನೈದು ದಿನಗಳಿಂದ ಅದನ್ನು ನೋಡಿಕೊಂಡೇ ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದ.

“ಫೋನ್ ಸತ್ತರೆ?” ಎಂದಳು ಹೆಂಡತಿ ನಬ್ಬೋಸ, ಬಾಳೆಕಾಯಿ ಸುಲಿಯುತ್ತ.

ಇದೇ ಪ್ರಶ್ನೆಗೆ ಕಾಯುತ್ತಿದ್ದ ಮಹಾಶಯ ಟವೆಲ್ಲಿನೊಳಗಿಂದ ಒಂದು ಕಪ್ಪು ಇಟ್ಟಿಗೆಯನ್ನು ಹೊರತೆಗೆದ. ಪವರ್ ಬ್ಯಾಂಕು! ನಾಲ್ಕು ತೂತು, ನಾಲ್ಕು ನೀಲಿ ಚುಕ್ಕಿ, ತಲೆಯಲ್ಲೊಂದು ಟಾರ್ಚು, ಬೆನ್ನ ಮೇಲೆ ಬಂಗಾರದ ಅಕ್ಷರದಲ್ಲಿ ಅದರ ಶಕ್ತಿಯ ಲೆಕ್ಕ, ‘50,000’. ಅದನ್ನು ಕಂಡಾಗಲೆಲ್ಲ ಅವನ ಉಸಿರು ಒಂದು ಕ್ಷಣ ನಿಲ್ಲುತ್ತಿತ್ತು. ಮನುಷ್ಯನ ಬುದ್ಧಿ ಎಲ್ಲಿಗೆ ಬಂತಪ್ಪಾ, ಮಿಂಚನ್ನು ಹಿಡಿದು ಡಬ್ಬಕ್ಕೆ ಹಾಕಿ ಮುಚ್ಚಳ ಜಡಿದಿದ್ದಾರಲ್ಲ, ಎಂದು ಬೆರಗಾಗುತ್ತಿದ್ದ.

“ನಿಮ್ಮ ಫೋನಿನ ಡಬ್ಬದಲ್ಲಿ ಚಾರ್ಜರ್ರೇ ಇರಲಿಲ್ಲ ಅಲ್ವಾ?” ಎಂದಳು ನಬ್ಬೋಸ.

“ಭೂಮಿ ಉಳೀಲಿ ಅಂತ ಕಂಪನಿಯೋರು ಕೊಡಲಿಲ್ಲ ಕಣೇ. ಎಷ್ಟು ದೊಡ್ಡ ಮನಸ್ಸು!”

“ಅವರು ಉಳಿಸಿದ್ರು, ನೀವು ಹೋಗಿ ಚಾರ್ಜರ್ರೂ ಕೊಂಡ್ರಿ, ಈ ಇಟ್ಟಿಗೇನೂ ಕೊಂಡ್ರಿ. ಭೂಮಿ ಉಳೀತಾ?”

“ನಿನಗೆ ತಂತ್ರಜ್ಞಾನ ಅರ್ಥ ಆಗಲ್ಲ!”

“ಒಂದು ಚೀಟೀಲಿ ಬರ್ಕೊಳ್ಳಿ ಅಂದ್ರೆ ಅದು ನಿಮಗೆ ಅರ್ಥ ಆಗಲ್ಲ.”

ಶನಿವಾರ ಮಸಾಕಾ ರಸ್ತೆಯಲ್ಲಿ ದಿಬ್ಬಣದ ವ್ಯಾನು ಹೊರಟಿತು. ಗಂಡಸರೆಲ್ಲ ಪಾದ ಮುಟ್ಟುವ ಬಿಳಿ ಅಂಗಿಯಲ್ಲಿ, ನಬ್ಬೋಸಳೂ ಸೇರಿ ಹೆಂಗಸರೆಲ್ಲ ಭುಜ ಚೂಪಾದ ಬಣ್ಣದ ಉಡುಪಿನಲ್ಲಿ. ಸೆರುಂಕೂಮ ಪವರ್ ಬ್ಯಾಂಕನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಗಂಡಿನ ಚಿಕ್ಕಪ್ಪ ಮುತ್ಯಾಬ ಮೊಬೈಲ್ ರಿಪೇರಿ ಅಂಗಡಿಯವನು. ಅದನ್ನೊಮ್ಮೆ ಕೈಯಲ್ಲಿ ತೂಗಿ ನಕ್ಕ.

“ಐವತ್ತು ಸಾವಿರ ಅಂತ ಅಚ್ಚು ಹಾಕೋಕೆ ಶಾಯಿ ಒಂದಿದ್ರೆ ಸಾಕಯ್ಯ. ಒಳಗೆ ಹತ್ತು ಸಾವಿರ ಇದ್ರೆ ನಿನ್ನ ಪುಣ್ಯ. ಇಂಥದ್ದರಲ್ಲಿ ತೂಕ ಬರಲಿ ಅಂತ ಮರಳು ತುಂಬಿರೋದನ್ನೂ ಕಂಡಿದೀನಿ.”

ಮರಳು! ಸೆರುಂಕೂಮನ ಮೈಯೆಲ್ಲ ಉರಿದುಹೋಯಿತು.

“ಯಾರ ಫೋನ್ ಬೇಕಾದ್ರೂ ಹಾಕ್ರಪ್ಪಾ! ಇದು ಸಮುದ್ರ! ಚೊಂಬಲ್ಲಿ ಮೊಗೆದರೆ ಬತ್ತುತ್ತಾ?”

ಚೊಂಬು ಹಿಡಿದು ಬಂದವರು ಹದಿಮೂರು ಮಂದಿ. ವಿಡಿಯೋದವನು ಕ್ಯಾಮೆರಾನೇ ಸಿಕ್ಕಿಸಿದ. ಮರಳು ಎಂದಿದ್ದ ಮುತ್ಯಾಬ ಎರಡು ಫೋನು ಹಾಕಿದ. ವ್ಯಾನು ಹೆಣ್ಣಿನ ಮನೆ ಮುಟ್ಟುವ ಹೊತ್ತಿಗೆ ಎಲ್ಲರ ಫೋನೂ ನಳನಳಿಸುತ್ತಿತ್ತು. ಸಮುದ್ರದಲ್ಲಿ ಒಂದೇ ಚುಕ್ಕಿ ಉಳಿದು ಮಿಣಮಿಣ ಅನ್ನುತ್ತಿತ್ತು. ಊರವರಿಗೆಲ್ಲ ಉಪಚಾರ ಮಾಡುವ ಗದ್ದಲದಲ್ಲಿ ಸೆರುಂಕೂಮ ತನ್ನ ಫೋನನ್ನು ಹಾಕುವುದನ್ನೇ ಮರೆತಿದ್ದ. ಅದರಲ್ಲಿ ನೂರಕ್ಕೆ ಮೂರು!

ಚಪ್ಪರದಡಿ ಎಲ್ಲರೂ ಕೂತರು. ಗಂಡು ಕಲುಂಗಿ ಗುರುತು ಸಿಗದಂತೆ ಬಿಳಿ ಅಂಗಿಯವರ ನಡುವೆ ತಲೆ ತಗ್ಗಿಸಿ ಕೂತ. ಹುಡುಗಿಯ ಸೋದರತ್ತೆ ಬಂದು ಹುಡುಕಿ ಹಿಡಿಯುವ ತನಕ ಅವನು ಯಾರೆಂದು ತೋರಬಾರದು. ಸೆರುಂಕೂಮ ಉಪಾಯ ಮಾಡಿ, ತನ್ನ ಜೇಬಿಗೆ ಹಿಡಿಸದ ಇಟ್ಟಿಗೆಯನ್ನು ಅವನ ಜೇಬಿಗೆ ಇಳಿಸಿ, ವೈರಿನ ತುದಿಯನ್ನು ತನ್ನ ಫೋನಿಗೆ ಚುಚ್ಚಿ ಅವನ ಮುಂದೆಯೇ ನಿಂತ. ವೈರು ಒಂದೇ ಮೊಳ. ಕಂಪನಿಯವರು ಭೂಮಿಯನ್ನು ಅದರಲ್ಲೂ ಉಳಿಸಿದ್ದರು.

ಹೆಣ್ಣಿನ ಕಡೆಯ ಮಾತುಗಾರ ಲುಬೋವ ಹಳೇ ಹುಲಿ. “ಏನು ಸ್ವಾಮಿ, ಚಪ್ಪರ ತುಂಬ ಓಡಾಡಿ ಮಾತಾಡೋರು ಅಂತ ಕೇಳಿದ್ದೆ. ಇವತ್ತು ಕಾಲಿಗೆ ಬೇರು ಬಿಟ್ಟಿದೆಯಾ?”

ಅಭಿಮಾನ ಕೆರಳಿತು. “ಮಿಡತೆ ಕುಲದ ನಮ್ಮ ಹುಡುಗ... ಅವನ ತಂದೆ ಕಾಲಿಬ್ಬಾಲ...” ಎನ್ನುತ್ತ ಸೆರುಂಕೂಮ ಒಂದು ಹೆಜ್ಜೆ ಮುಂದಿಟ್ಟ. ವೈರು ಪಟಕ್ಕನೆ ಕಿತ್ತು ಬಂತು. ಹಿಂದೆ ಕೂತ ಗಂಡು ಗಾಬರಿಯಾಗಿ ಜೇಬಿಗೆ ಕೈ ಹಾಕಿ ಸಿಕ್ಕ ಗುಂಡಿಯನ್ನು ಒತ್ತಿದ. ಟಾರ್ಚು ಹೊತ್ತಿಕೊಂಡಿತು! ಅಷ್ಟು ಮಂದಿ ಬಿಳಿ ಅಂಗಿಯವರ ನಡುವೆ ಒಬ್ಬನ ತೊಡೆ ಮಾತ್ರ ದೀಪದ ಹಾಗೆ ಬೆಳಗತೊಡಗಿತು.

ಹುಡುಗಿಯ ಸೋದರತ್ತೆ ಎದ್ದು ನಿಂತಳು. “ಅಯ್ಯೋ, ಮೂವತ್ತು ಅಳಿಯಂದಿರನ್ನ ಹುಡುಕಿದೀನಿ. ಗುರುತಿಗೆ ದೀಪ ಹಚ್ಕೊಂಡು ಕೂತೋನನ್ನ ಇವತ್ತೇ ನೋಡಿದ್ದು!”

ಚಪ್ಪರ ಬಿದ್ದುಬಿದ್ದು ನಕ್ಕಿತು. ಆ ನಗುವಿನಲ್ಲೇ ಟಾರ್ಚು ಕೊನೆಯ ಚುಕ್ಕಿಯನ್ನು ಕುಡಿದು ಮುಗಿಸಿತು, ಸೆರುಂಕೂಮನ ಫೋನೂ ಕಣ್ಣು ಮುಚ್ಚಿತು.

“ತಂದೆ ಕಾಲಿಬ್ಬಾಲ, ಸರಿ. ತಾತ?” ಎಂದ ಲುಬೋವ.

ಸೆರುಂಕೂಮ ಸತ್ತ ಫೋನಿನ ಗುಂಡಿಯನ್ನು ಒತ್ತಿಯೇ ಒತ್ತಿದ. ಹದಿನೈದು ದಿನ ಕಣ್ಣು ಓದಿತ್ತು, ತಲೆಗೆ ಏನೂ ಇಳಿದಿರಲಿಲ್ಲ.

“ತಾತ ಆಕಾಶದಿಂದ ಉದುರಿದ್ನಾ?” ಎಂದ ಲುಬೋವ. ಈ ಸಲ ಯಾರೂ ನಗಲಿಲ್ಲ. ಹೆಣ್ಣಿನ ತಂದೆಯ ಹುಬ್ಬು ಗಂಟಿಕ್ಕಿತು. ಕಲುಂಗಿಯ ಮುಖ ನೋಡಲಾಗದೆ ಸೆರುಂಕೂಮ ತಲೆ ತಗ್ಗಿಸಿದ. ಪಾಪದ ಹುಡುಗ, ಮೂರು ವರ್ಷ ಪ್ರೀತಿಸಿ ಕಾದು ಕೂತ ಹುಡುಗಿ ತನ್ನಿಂದಾಗಿ ಕೈತಪ್ಪುತ್ತಿದ್ದಾಳಲ್ಲ ಎಂದು ಅವನಿಗೆ ಅಳುವೇ ಬಂತು.

ಆಗ ಹೆಂಗಸರ ಚಾಪೆಯಿಂದ ಒಬ್ಬಳು ಮಂಡಿಯೂರಿಕೊಂಡೇ ಮುಂದೆ ಬಂದಳು. ನಬ್ಬೋಸ!

“ಹಿರಿಯರ ಅಪ್ಪಣೆಯಾದರೆ ನಾನು ಹೇಳ್ತೀನಿ.”

ಹುಡುಗಿಯ ತಂದೆ ತಲೆಯಾಡಿಸಿದ. ನಬ್ಬೋಸ ಶುರುಮಾಡಿದಳು. ತಾತ, ಮುತ್ತಾತ, ಅವನಪ್ಪ, ಅವನ ತಾತ. ಯಾರು ಯಾವ ಗುಡ್ಡದಲ್ಲಿ ಮನೆ ಕಟ್ಟಿದ, ಯಾರು ಎಲ್ಲಿ ಮಣ್ಣಾದ, ಯಾರ ತಾಯಿ ಯಾವ ಕುಲದವಳು. ಎಲ್ಲೂ ತಡೆಯಿಲ್ಲ, ತೊದಲಿಲ್ಲ. ಹದಿನೈದು ದಿನ ಅವನು ಒದರಿದ್ದೆಲ್ಲ ಬಾಳೆಕಾಯಿ ಸುಲಿಯುತ್ತಿದ್ದವಳ ತಲೆಯಲ್ಲಿ ಹೋಗಿ ಕೂತಿತ್ತು! ಫೋನಿನಲ್ಲಿ ಅವನು ತಪ್ಪಾಗಿ ಬರೆದಿದ್ದ ಒಂದು ಹೆಸರನ್ನೂ ಅವಳು ಯಾರನ್ನೋ ಕೇಳಿ ತಿದ್ದಿಕೊಂಡಿದ್ದಳು. ಸೆರುಂಕೂಮ ಬಾಯಿ ತೆರೆದು ನಿಂತೇ ಇದ್ದ. ಪವರ್ ಬ್ಯಾಂಕನ್ನು ನೋಡಿ ಪಟ್ಟ ಬೆರಗೆಲ್ಲ ಅವನಿಗೆ ಈಗ ನಾಚಿಕೆಯಾಗಿ ಕಾಡಿತು.

ಏಳನೆಯ ತಲೆಮಾರು ಮುಗಿದಾಗ ಹೆಂಗಸರು ಸಂತೋಷದ ಕೇಕೆ ಹಾಕಿದರು. ಹೆಣ್ಣಿನ ತಂದೆ ಎದ್ದು ಬಂದು ಕಲುಂಗಿಯ ಕೈ ಹಿಡಿದ. ಹುಡುಗಿ ದಕ್ಕಿದಳು!

ಲುಬೋವ ಸೆರುಂಕೂಮನ ಹತ್ತಿರ ಬಂದು ಮೆಲ್ಲಗೆ ಕೇಳಿದ. “ಇಂಥದ್ದು ಎಲ್ಲಿ ಸಿಕ್ತು ಮಾರಾಯಾ?”

“ಹನ್ನೊಂದು ವರ್ಷದ ಹಿಂದೆ, ಹೀಗೇ ಒಂದು ಚಪ್ಪರದಲ್ಲಿ,” ಎಂದ ಸೆರುಂಕೂಮ, ಎದೆ ಉಬ್ಬಿಸಿ. “ಇವತ್ತಿನ ತನಕ ಒಂದು ದಿನ ಕೈಕೊಟ್ಟಿಲ್ಲ!”

ನಬ್ಬೋಸ ಉಡುಪಿನ ಧೂಳು ಕೊಡವಿಕೊಳ್ಳುತ್ತ ಅವನತ್ತ ತಿರುಗಿದಳು.

“ವಾರಂಟಿ ಮೊದಲನೇ ವರ್ಷಕ್ಕೇ ಮುಗೀತು ಕಣ್ರೀ. ಆಮೇಲೆ ನಡೀತಿರೋದೆಲ್ಲ ಬರೀ ನನ್ನ ಒಳ್ಳೇತನದ ಮೇಲೆ!”