ತೋಡಿನ ಬದಿಯ ದಾರಿಯಲ್ಲಿ ಡ್ರೈವರ್, ನಾನು ಮತ್ತು ನಾಯಿ

ಮೂವತ್ತು ವರ್ಷ ಮೂಡುಬಿದಿರೆ–ಬೆಳ್ತಂಗಡಿ ಲೈನಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಬಸ್ಸು ಬಿಟ್ಟ ಮೇಲಾದರೂ ನೆಮ್ಮದಿಯಾಗಿ ಇರಬಹುದು ಎಂದುಕೊಂಡಿದ್ದೆ. ಆದರೆ ನಗು ಬರಿಸುವ ಸಂಗತಿಗಳು ಮನುಷ್ಯ ಅಳುವ ಹೊತ್ತಿನಲ್ಲೂ ಬಂದು ಹತ್ತಿಕೊಳ್ಳುತ್ತವೆ, ಜಾಗ ಇಲ್ಲ ಎಂದರೆ ಕೇಳುವುದಿಲ್ಲ.

ಕಳೆದ ವರ್ಷ ನಮ್ಮ ಡ್ರೈವರಿಗೆ ಪಾರ್ಶ್ವವಾಯು ಬಡಿಯಿತು. ಇಪ್ಪತ್ತೆರಡು ವರ್ಷ ಒಂದೇ ಬಸ್ಸಿನಲ್ಲಿ ಅವನು ಮುಂದೆ, ನಾನು ಹಿಂದೆ. ಕಾಲು ಸ್ವಲ್ಪ ಸುಧಾರಿಸಿತು, ಹೋದ ಮಾತು ಮಾತ್ರ ಬರಲಿಲ್ಲ. "ದಿನಾ ನಡೆಸಿ, ಮಾತಾಡಿಸುತ್ತಾ ಇರಿ. ತಡ ಆದಷ್ಟೂ ಕಷ್ಟ" ಎಂದರು ಡಾಕ್ಟರು. ಇವನೋ ಗೋಡೆಗೆ ಮುಖ ಮಾಡಿ ಮಲಗಿದರೆ ಏಳಲೊಲ್ಲ.

"ಕಂಡಕ್ಟ್ರೇ, ನೀವು ಕರೆದ್ರೆ ಬಂದಾರು" ಎಂದರು ಅವನ ಹೆಂಡತಿ.

ಬೆಳ್ತಂಗಡಿಯಿಂದ ಸ್ವಲ್ಪ ಆಚೆ ಒಂದು ತೋಡಿನ ಬದಿಯಲ್ಲಿ, ಮರಗಳ ನೆರಳಿನಲ್ಲೇ ನಡೆಯುವ ದಾರಿ ಉಂಟು. ನೀರು ಪಕ್ಕದಲ್ಲೇ ಹರಿಯುತ್ತದೆ, ಏರು ಇಲ್ಲ, ನಾಯಿಗೂ ಪ್ರವೇಶ ಉಂಟು. ಅವನ ನಾಯಿ ಅವನನ್ನು ಬಿಟ್ಟಿರುವುದಿಲ್ಲ. ಹಾಗಾಗಿ ಅಲ್ಲಿಗೇ ಹೊರಟೆವು.

೧. ಹಗ್ಗದ ನಿಯಮ

ದಾರಿಯ ಗೇಟಿನಲ್ಲೇ ಕಾವಲುಗಾರರು ತಡೆದರು. "ನಾಯಿ ಬರಬಹುದು. ಹಗ್ಗ ಇಲ್ಲದೆ ಬಿಡ್ಲಿಕ್ಕಿಲ್ಲ."

ಊರೆಲ್ಲ ಸುತ್ತುವ ನಾಯಿ ಅದು, ಹುಟ್ಟಿದ ಮೇಲೆ ಹಗ್ಗ ಕಂಡದ್ದಿಲ್ಲ. ಬೆವರು ಒರೆಸುವ ನನ್ನ ಹೆಗಲಿನ ಬೈರಾಸನ್ನೇ ಅದರ ಕುತ್ತಿಗೆಗೆ ಕಟ್ಟಿದೆ. ಏನು ತಪ್ಪು ಮಾಡಿದೆನೋ ಎಂಬಂತೆ ನನ್ನನ್ನು ನೋಡಿ, ಅದು ಅಲ್ಲೇ ಕುಕ್ಕರಿಸಿತು. ಎಳೆದರೂ ಇಲ್ಲ, ಮುದ್ದು ಮಾಡಿದರೂ ಇಲ್ಲ. ನಾಯಿ ಕೂತದ್ದು ನೋಡಿ ಡ್ರೈವರನೂ ಕಲ್ಲುಬೆಂಚಿನ ಮೇಲೆ ಕೂತ.

"ಎತ್ತಿಕೊಂಡು ಹೋದ್ರೆ ನಿಯಮ ಏನು ಹೇಳ್ತದೆ?" ಎಂದು ಕೇಳಿದೆ.

ಕಾವಲುಗಾರರು ಗೇಟಿನ ನಿಯಮದ ಬೋರ್ಡನ್ನು ಮೇಲಿಂದ ಕೆಳಗೆ ಓದಿದರು. "ಅದರ ಬಗ್ಗೆ ಏನೂ ಬರೆದಿಲ್ಲ ಮಾರಾಯ್ರೆ."

ಆಮೇಲೆ ನಾನು ನಾಯಿಯನ್ನು ಹೆಗಲ ಮೇಲೆ ಹೊತ್ತು ಆ ತುದಿ ಮುಟ್ಟಿ ಬಂದೆ. ಡ್ರೈವರ್ ಬೆಂಚು ಬಿಟ್ಟು ಏಳಲಿಲ್ಲ. ನಡೆಯಲಿಕ್ಕೆಂದು ಮೂವರು ಹೋಗಿ, ಕಾಲಿಗೆ ಏನೂ ಆಗದ ನಾನೊಬ್ಬನೇ ನಡೆದು ಬಂದೆ.

೨. ಹಕ್ಕಿಯ ವಿಶಲ್

ಮರುದಿನ ಹಗ್ಗ ಬಂತು, ನಾಯಿ ಒಪ್ಪಿತು. ಡ್ರೈವರ್ ಮಾತ್ರ ಬೆಂಚು ಬಿಡಲಿಲ್ಲ. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಜೇಬಿನಲ್ಲಿ ಹಳೆಯ ವಿಶಲ್ ಇತ್ತು. ಎರಡು ಸಲ ಊದಿ "ರೈಟ್, ಹೋಗುವ" ಎಂದೆ.

ಅವನು ಎದ್ದ! ಬಸ್ಸಿನಲ್ಲಿ ಎರಡು ವಿಶಲ್‌ಗೆ ಹೊರಡುವುದು, ಒಂದಕ್ಕೆ ನಿಲ್ಲುವುದು. ತಲೆ ಮರೆತದ್ದನ್ನು ಕಾಲು ಮರೆತಿರಲಿಲ್ಲ. ಎಡಗೈಯಲ್ಲಿ ಕೋಲೂರಿ ನಿಧಾನಕ್ಕೆ ಅರ್ಧ ದಾರಿ ನಡೆದ. ನನ್ನ ಕಣ್ಣು ತುಂಬಿತು.

ಅಷ್ಟರಲ್ಲಿ ನೀರಿನ ಆಚೆ ಬದಿಯ ಪೊದೆಯಿಂದ ಒಂದು ಕಪ್ಪು ಹಕ್ಕಿ ಉದ್ದಕ್ಕೆ ಸಿಳ್ಳೆ ಹಾಕಿತು. ಡ್ರೈವರ್ ಗಕ್ಕನೆ ನಿಂತ. ನಾನು ಎರಡು ಊದಿದೆ, ಹೊರಟ. ಹಕ್ಕಿ ಒಂದು ಊದಿತು, ನಿಂತ. ಹಿಂದಿನಿಂದ ಐದಾರು ಜನ ಬಂದು ಸೇರಿದರು. ದಾರಿ ಕಿರಿದು.

"ಎಂತ ಆಯ್ತು? ಯಾಕೆ ನಿಂತದ್ದು?" ಎಂದು ಒಬ್ಬರು ಗಾಬರಿಯಿಂದ ಕೇಳಿದರು.

"ಏನಿಲ್ಲ, ಯಾರೋ ಇಳಿಯುವವರಿದ್ದಾರೆ" ಎಂದೆ.

೩. ಮೊದಲ ಮಾತು

ಮೂರು ತಿಂಗಳು ನಡೆದೆವು. ಕಾಲು ಗಟ್ಟಿಯಾಯಿತು, ಬಾಯಿ ಬಿಡಲಿಲ್ಲ. ಮನೆಗೆ ಬಿಡುವಾಗ ಅವನ ಹೆಂಡತಿ ದಿನಾ ಕೇಳುವರು: "ಏನಾದ್ರೂ ಹೇಳಿದ್ರಾ?" "ಇನ್ನೂ ಇಲ್ಲ ಅಕ್ಕ" ಎಂದು ಬಗ್ಗಿ ನಾಯಿಯ ಹಗ್ಗ ಬಿಚ್ಚುತ್ತಿದ್ದೆ. ಒಂದು ದಿನ ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು, "ತಪ್ಪು ನನ್ನದೇ. ದಿನಾ ಬುತ್ತಿಗೆ ಮೂರು ಮೂರು ಬಂಗುಡೆ ಮೀನು ಎಣ್ಣೆಯಲ್ಲಿ ಹುರಿದು ಕೊಟ್ಟೆ. ಅವರನ್ನು ಹೀಗೆ ಮಾಡಿದ್ದು ನಾನೇ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ತೋಡಿನ ನೀರಿಗೆ ಕಾಲು ಬಿಟ್ಟು ಅವನ ಪಕ್ಕ ಕೂತೆ. ನಾಯಿ ನೀರು ಕುಡಿಯುತ್ತಿತ್ತು. "ಒಂದು ವಿಷಯ ಹೇಳ್ತೇನೆ, ಕ್ಷಮಿಸಬೇಕು ಮಾರಾಯ" ಎಂದೆ. "ಮಧ್ಯಾಹ್ನ ನೀನು ಟಯರು ನೋಡ್ಲಿಕ್ಕೆ ಇಳಿಯುವಾಗ, ನಿನ್ನ ಬುತ್ತಿಯಿಂದ ದಿನಾ ಒಂದು ಬಂಗುಡೆ ತಿನ್ನುತ್ತಾ ಇದ್ದದ್ದು ನಾನು. ಇಪ್ಪತ್ತೆರಡು ವರ್ಷ."

ಅವನು ನನ್ನ ಕಡೆ ತಿರುಗಿದ. ತುಟಿ ನಡುಗಿತು, ಕುತ್ತಿಗೆಯ ನರ ಉಬ್ಬಿತು.

"ಗೊ... ಗೊತ್ತುಂಟು" ಎಂದ.

ನಾನು ಗೊಳೋ ಎಂದು ಅತ್ತೆ. ಅವನನ್ನೂ ನಾಯಿಯನ್ನೂ ರಿಕ್ಷಾದಲ್ಲಿ ತುಂಬಿಕೊಂಡು ಅವನ ಮನೆಗೆ ಧಾವಿಸಿದೆ. "ಅಕ್ಕ, ಮಾತು ಬಂತು! 'ಗೊತ್ತುಂಟು' ಎಂದ!"

ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಕಣ್ಣಲ್ಲಿ ನೀರು. "ದೇವ್ರೇ... ಎಂತ ಗೊತ್ತುಂಟಂತೆ?"

ಹೇಳದೆ ಗತಿಯಿರಲಿಲ್ಲ, ಎಲ್ಲ ಹೇಳಿದೆ. ಅಕ್ಕ ಗಂಡನ ಮುಖ ನೋಡಿದರು.

"ಅದಕ್ಕೇ ಆಗ ಎರಡು ಸಾಲುದಿಲ್ಲ, ಮೂರು ಇಡು ಅಂತ ಜಗಳ ಮಾಡಿದ್ದಾ ನೀವು?"

ಡ್ರೈವರ್ ಸೊಟ್ಟ ಬಾಯಲ್ಲೇ ನಕ್ಕ. ಅಕ್ಕ ಅವನ ಎದೆಗೆ ಹಣೆಯಾನಿಸಿ ತುಂಬಾ ಹೊತ್ತು ಅತ್ತರು. ಆಮೇಲೆ ಮುಖ ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕಂಡಕ್ಟ್ರೇ, ನಿಮ್ಮ ಮನೆಯ ಬುತ್ತಿ ಬೇರೆ, ಅದರ ಮೇಲೆ ಇಪ್ಪತ್ತೆರಡು ವರ್ಷ ನನ್ನ ಎಣ್ಣೆಯ ಬಂಗುಡೆ! ನಾಳೆ ನಡೆಯುವುದು ಬೇಡ, ಮೊದಲು ನಿಮ್ಮ ಬಿಪಿ ನೋಡಿಸಿ ಬನ್ನಿ."